ನೋರ್ಮಾಳ ಬಿಸ್ಕತ್ತಿನ ಡಬ್ಬಿ

ನಮ್ಮ ಗಣಿಯೂರು ಸ್ಕೆಲ್‌ಬರ್ನಿನಲ್ಲಿ ನೋರ್ಮಾ ಸ್ಟೋಬರ್ಟಳ ಮುಖಕ್ಕಿಂತ ಅವಳ ಬೆನ್ನನ್ನೇ ಚೆನ್ನಾಗಿ ಬಲ್ಲವರು ಏಳೆಂಟು ಮಂದಿಯಾದರೂ ಇದ್ದರು. ಸಿಟ್ಟು ಬಂದರೆ ಅವಳು ಕೂಗಾಡುವ ಪೈಕಿ ಅಲ್ಲ. ಬೆನ್ನು ತಿರುಗಿಸುತ್ತಿದ್ದಳು, ಆಮೇಲೆ ಕಾಯುತ್ತಿದ್ದಳು. ಕಲ್ಲಿದ್ದಲು ಗಣಿಯ ದೊಡ್ಡ ಮುಷ್ಕರದ ವರ್ಷ ಎದುರು ಸಾಲಿನ ಒಬ್ಬ ಮುಷ್ಕರ ಮುರಿದು ಗುಟ್ಟಾಗಿ ಕೆಲಸಕ್ಕೆ ಹೋದ. ಅವನ ಜೊತೆ ಇಪ್ಪತ್ತೊಂಬತ್ತು ವರ್ಷ ಅವಳು ತುಟಿ ಬಿಚ್ಚಲಿಲ್ಲ. ಅವನ ಶವಪೆಟ್ಟಿಗೆ ಬೀದಿಯಲ್ಲಿ ಹೋದ ದಿನ ಬಾಗಿಲಿಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತಳು. ಗಾಡಿ ದಾಟಿದ ಮೇಲೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಇಪ್ಪತ್ತೆರಡು ವರ್ಷ ಅವಳು ಕೋಟು ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಅವಳ ತಾಯಿ ಸತ್ತ ದಿನ ಕಾಲು ಗಂಟೆ ತಡವಾಗಿ ಬಂದಳೆಂದು ಮೇಲ್ವಿಚಾರಕ ಎಲ್ಲರೆದುರು ಗಡಿಯಾರ ತೋರಿಸಿ ನಕ್ಕಿದ್ದ. ಮೂರು ವರ್ಷದ ಮೇಲೆ ಅದೇ ಮನುಷ್ಯ ಮಗಳ ಮದುವೆಗೆ ಕಾರ್ಖಾನೆಯಲ್ಲೇ ಕೋಟು ಹೊಲಿಸಿಕೊಂಡ. ನೋರ್ಮಾ ಅದರ ನಾಲ್ಕೂ ಜೇಬಿನ ಬಾಯಿಯನ್ನು ಒಳಹೊಲಿಗೆಯಲ್ಲಿ ಮುಚ್ಚಿಬಿಟ್ಟಳು. ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಅವನು ಉಂಗುರ ಇಟ್ಟುಕೊಳ್ಳಲು ಜೇಬು ತಡಕಿದ, ತಡಕಿದ, ತಡಕುತ್ತಲೇ ಇದ್ದ. ಆದರೆ ಬೆರಳಿಗೆ ಜೇಬೇ ಸಿಗಲಿಲ್ಲ. ಆ ಕಥೆಯನ್ನು ನಮ್ಮೂರ ಹೆಂಗಸರು ಇಂದಿಗೂ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆ ಕಾರ್ಖಾನೆಯೂ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಲಾರಿಗೇರಿಸಿ ಸಮುದ್ರದಾಚೆ ಸಾಗಿಸಿದರು. ಅದಕ್ಕೂ ಮೊದಲೇ ಗಣಿ ಮುಚ್ಚಿ ಹೋಗಿತ್ತು. ಅವಳ ಗಂಡ ಆಲೆಕ್‌ಗೆ ಗಣಿಯಿಂದ ಉಳಿದದ್ದು ಎದೆ ತುಂಬ ದೂಳು, ಮತ್ತೆ ಊರಾಚೆ ಬಾಡಿಗೆಗೆ ಸಿಕ್ಕ ಒಂದು ತುಂಡು ತೋಟ. ತೋಟದಲ್ಲಿ ಅವನು ಲೀಕ್ ಬೆಳೆಯುತ್ತಿದ್ದ. ಲೀಕ್ ಅಂದರೆ ಈರುಳ್ಳಿಯ ದಾಯಾದಿ. ನಮ್ಮ ಕಡೆ ಗಂಡಸರು ಅದನ್ನು ತಿನ್ನುವುದಕ್ಕಿಂತ ಪಕ್ಕದವನನ್ನು ಸೋಲಿಸುವುದಕ್ಕೇ ಬೆಳೆಯುತ್ತಾರೆ. ಪ್ರತಿ ಸೆಪ್ಟೆಂಬರಿನಲ್ಲಿ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನ. ಯಾರ ಜೋಡಿ ದಪ್ಪವೋ ಅವರಿಗೆ ಬೆಳ್ಳಿಯ ಕಪ್ಪು, ಮತ್ತು ಒಂದು ವರ್ಷದ ಗರ್ವ.

ಆಲೆಕ್ ಉಸಿರಿಗೆ ಕೊಳವೆ ಹಾಕಿಕೊಂಡು ಕುರ್ಚಿ ಹಿಡಿದ ಮೇಲೆ ರಾಸಾ ಬಂದಳು. ಮೂವತ್ತು ದಾಟದ ಹುಡುಗಿ, ಲಿಥುವೇನಿಯಾದ ಬಂದರು ಊರಿನವಳು. ಮನೆಮನೆಗೆ ಹೋಗಿ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಅವಳದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಆಲೆಕ್‌ಗೆ ಸ್ನಾನ ಮಾಡಿಸುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಅವನ ಬೆನ್ನಿನಲ್ಲಿ ಚರ್ಮದೊಳಗೆ ಸೇರಿಹೋದ ಕಲ್ಲಿದ್ದಲಿನ ನೀಲಿ ಗೆರೆಗಳನ್ನು ಮೊದಲ ದಿನ ಸಾಬೂನು ಹಚ್ಚಿ ಉಜ್ಜಿ ಉಜ್ಜಿ ಸೋತಳು.

"ಅದು ಹೋಗಲ್ಲ ಮಗಾ, ಬಿಡು. ನನ್ನ ಜೊತೆ ಮಣ್ಣಿಗೇ ಬರುತ್ತೆ," ಅಂದ ಆಲೆಕ್.

"ಹಾಗಿದ್ರೆ ಮೊದಲೇ ಹೇಳೋದಲ್ವಾ? ನನ್ನ ಕೈ ಬಿದ್ದುಹೋಯ್ತು," ಅಂದಳು ರಾಸಾ.

ಆ ಮನೆಯಲ್ಲಿ ಎರಡು ವರ್ಷದ ನಂತರ ಕೇಳಿದ ಮೊದಲ ನಗು ಅದು. ನೋರ್ಮಾ ಅವಳಿಗೆ ಲೀಕ್ ಪುಡಿಂಗ್ ಬೇಯಿಸುವುದನ್ನು ಕಲಿಸಿದಳು. ಅವಳು ಇವಳಿಗೆ ಬೀಟ್‌ರೂಟಿನ ತಣ್ಣನೆ ಸಾರು ಮಾಡುವುದನ್ನು ಕಲಿಸಿದಳು.

ಅಷ್ಟರಲ್ಲಿ ಆ ಜೂನ್ ತಿಂಗಳು ಬಂತು. ಯುರೋಪಿನ ಒಕ್ಕೂಟದ ಒಳಗೇ ಇರಬೇಕೋ, ಹೊರಗೆ ಬರಬೇಕೋ ಎಂದು ಸರಕಾರ ಇಡೀ ದೇಶವನ್ನು ಕೇಳಿದ ಜೂನ್. ಊರಿಗೆ ಊರೇ ಮಾತಿನಲ್ಲಿ ಬಡಿದಾಡುತ್ತಿತ್ತು. ಜನಮತದ ಹಿಂದಿನ ಸಂಜೆ ಕ್ಲಬ್ಬಿನ ಬಾರಿನಲ್ಲಿ ಬಿಯರ್ ಬಗ್ಗಿಸುವ ಬೆರಿಲ್ ಒಂದು ಆಟ ಹೂಡಿದಳು. ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಪ್ರತಿಯೊಬ್ಬರೂ ತಮ್ಮ ಹೆಸರು ಬರೆಯಬೇಕು. 'ಒಳಗೆ' ಅಥವಾ 'ಹೊರಗೆ' ಅಂತ ತಮ್ಮ ಮತ ಬರೆಯಬೇಕು. ಕ್ಲಬ್ಬಿನಲ್ಲಿ ನೂರಕ್ಕೆ ಎಷ್ಟು ಜನ 'ಹೊರಗೆ' ಅಂದಿದ್ದಾರೆ ಎಂದು ಊಹಿಸಿ ಒಂದು ಸಂಖ್ಯೆಯನ್ನೂ ಬರೆಯಬೇಕು. ಊಹೆ ಹತ್ತಿರ ಬಂದವರಿಗೆ ಒಂದು ಇಡೀ ಹಂದಿತೊಡೆ. ಬಿಲ್ಲೆಗಳು ಬಿದ್ದದ್ದು ಬಿಸ್ಕತ್ತಿನ ಡಬ್ಬಿಗೆ. ಡಬ್ಬಿ ಸೇರಿದ್ದು ಲೀಕ್ ಪ್ರದರ್ಶನದ ಕಾರ್ಯದರ್ಶಿಯಾದ ನೋರ್ಮಾಳ ಕೈಗೆ. ಊರಿನಲ್ಲಿ ಕದ್ದು ನೋಡದವಳು ಅಂದರೆ ಅವಳೊಬ್ಬಳೇ ಎಂದು ಎಲ್ಲರೂ ಒಪ್ಪಿದ್ದರು.

ಮರುದಿನ ಮತಗಟ್ಟೆಗೆ ಹೊರಡುವಾಗ ನೋರ್ಮಾ ಕೈಚೀಲದಲ್ಲಿ ಪೆನ್ನು ಇಟ್ಟುಕೊಂಡಳು. ಅಲ್ಲಿ ದಾರ ಕಟ್ಟಿ ಪೆನ್ಸಿಲ್ ಇಟ್ಟಿರುತ್ತಾರೆ, ಆದರೆ ಆಮೇಲೆ ಅಳಿಸಿಬಿಡುತ್ತಾರೆಂದು ಊರೆಲ್ಲ ಗುಸುಗುಸು ಇತ್ತು. ಆಲೆಕ್ ಅಂಚೆಯಲ್ಲೇ ಮತ ಹಾಕಿ ಮುಗಿಸಿದ್ದ. "ನನ್ನ ಬೆನ್ನು ಉಜ್ಜೋ ಹುಡುಗಿ ಅವಳು. ನಾನು ಒಳಗೆ," ಅಂದಿದ್ದ. ನೋರ್ಮಾ ಪರದೆಯ ಹಿಂದೆ ನಿಂತಾಗ ಅವಳ ಕಣ್ಣಿಗೆ ಬಂದದ್ದು ರಾಸಾ ಅಲ್ಲ. ಲಾರಿಗೇರಿದ ಹೊಲಿಗೆ ಯಂತ್ರಗಳು ಬಂದವು. ಗಣಿಯ ಬಾಯಿಗೆ ಸುರಿದ ಕಾಂಕ್ರೀಟು ಬಂತು. ನಲವತ್ತು ವರ್ಷದಿಂದ ಯಾರದೋ ಕೆನ್ನೆಗೆ ಒಂದು ಬಾರಿಸಬೇಕೆಂದು ಕಾದಿದ್ದ ಕೈಗೆ ಈಗ ಒಂದು ಕಾಗದ ಸಿಕ್ಕಿತ್ತು. 'ಹೊರಗೆ' ಎಂಬುದರ ಮುಂದೆ ಅವಳು ಪೆನ್ನಿನಿಂದ ಒತ್ತಿದ ಗುರುತು ಕಾಗದದ ಹಿಂಬದಿಗೂ ಮೂಡಿತು.

ಮನೆಗೆ ಬಂದಾಗ ಆಲೆಕ್ ಕೇಳಿದ, "ಹಾಕಿದ್ಯಾ?"

"ಹಾಕಿದೆ."

"ಇಬ್ಬರೂ ಒಳಗೆ, ಅಲ್ವಾ?"

"ಹೂಂ," ಅಂದಳು ನೋರ್ಮಾ. ಗಂಡನಿಗೆ ಅವಳು ಹೇಳಿದ ಮೊದಲ ಸುಳ್ಳಲ್ಲದಿದ್ದರೂ, ಕೊನೆಯವರೆಗೆ ಉಳಿದ ಸುಳ್ಳು ಅದೊಂದೇ.

ಶುಕ್ರವಾರ ಬೆಳಿಗ್ಗೆ ಫಲಿತಾಂಶ ಬಂತು: ಹೊರಗೆ. ಎಂಟು ಗಂಟೆಗೆ ಬ್ರೆಡ್ಡಿನ ಅಂಗಡಿಯಲ್ಲಿ ಸಾಲು ನಿಂತಿತ್ತು. ಸಾಲಿನಲ್ಲಿ ಮುಂದೆ ರಾಸಾ, ಅವಳ ಹಿಂದೆ ಡಂಕನ್ ಹೆಸ್ಲಪ್, ಅವನ ಹಿಂದೆ ನೋರ್ಮಾ. ಈ ಹೆಸ್ಲಪ್ ಲೀಕ್ ಕ್ಲಬ್ಬಿನ ಅಧ್ಯಕ್ಷ. ಆಲೆಕ್‌ನ ತೋಟದ ಪಕ್ಕದ ತೋಟ ಅವನದು. ಹಿಂದೆ ಗಣಿಯಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದ. ದೊಡ್ಡ ಗಂಟಲು, ಮಾತಿಗೊಂದು ತಮಾಷೆ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ 'ಹಿನ್ನಿ' ಅಂತ ಕರೆಯುತ್ತಾರೆ. ಹೆಸ್ಲಪ್ ಆ ಅಕ್ಕರೆಯ ಮಾತನ್ನೇ ಹಿಡಿದು, ಅಂಗಡಿಗೆಲ್ಲ ಕೇಳುವ ಹಾಗೆ ಅಂದ:

"ಏನ್ ಹಿನ್ನಿ, ಎರಡೇ ಬ್ರೆಡ್ ಸಾಕಾ? ದಾರಿಗೆ ಇನ್ನೂ ನಾಲ್ಕು ಕಟ್ಟಿಸ್ಕೋ. ಊರು ದೂರ ಇದೆ."

ಸಾಲು ನಕ್ಕಿತು. ರಾಸಾ ಚಿಲ್ಲರೆ ಎಣಿಸಿಕೊಟ್ಟು, ಅಂಗಡಿಯವಳಿಗೆ ಥ್ಯಾಂಕ್ಸ್ ಹೇಳಿ, ಎರಡು ಬ್ರೆಡ್ಡನ್ನು ಎದೆಗೊತ್ತಿಕೊಂಡು ತಿರುಗಿದಳು. ತಿರುಗಿದಾಗ ನೋರ್ಮಾಳನ್ನು ನೋಡಿದಳು. ಕಾಯುತ್ತಿರುವ ನೋಟ ಅದು. ಹೆಸ್ಲಪ್‌ನಂಥ ಹತ್ತು ಜನರ ಬಾಯಿ ಮುಚ್ಚಿಸಬಲ್ಲ ನೋರ್ಮಾ ಅವತ್ತು ಕಪಾಟಿನ ಬನ್ನುಗಳನ್ನು ನೋಡುತ್ತ ನಿಂತಳು. ಅವಳ ಕೈಚೀಲದಲ್ಲಿ ಆ ಪೆನ್ನು ಇನ್ನೂ ಇತ್ತು.

ಸಂಜೆ ಕ್ಲಬ್ಬಿನಲ್ಲಿ ಮುಷ್ಟಿಯುದ್ಧವಾಗಿ, ಎರಡು ಕುರ್ಚಿ ಮುರಿದು, ಹಂದಿತೊಡೆಯ ಆಟ ಅಲ್ಲಿಗೇ ನಿಂತಿತು. ಬೆರಿಲ್ ಆ ಮಾಂಸವನ್ನು ಸ್ಯಾಂಡ್‌ವಿಚ್ಚಿಗೆ ಹಾಕಿ ಮುಗಿಸಿದಳು. ಡಬ್ಬಿಯನ್ನು ಯಾರೂ ಕೇಳಲಿಲ್ಲ. ಅದು ನೋರ್ಮಾಳ ಮಂಚದ ಕೆಳಗೆ ಉಳಿಯಿತು.

ಅಕ್ಟೋಬರಿನಲ್ಲಿ ರಾಸಾ ಊರಿಗೆ ಹೊರಟುಹೋದಳು. ಆಮೇಲೆ ದಿನಕ್ಕೊಬ್ಬರು ಬಂದರು, ಕೆಲವು ದಿನ ಯಾರೂ ಬರಲಿಲ್ಲ. ಜನವರಿಯಲ್ಲಿ, ಸಾಯುವ ವಾರ, ಆಲೆಕ್ ಕೇಳಿದ, "ಹುಡುಗಿ ಎಲ್ಲಿ?"

"ಅವಳ ಊರಿಗೆ ಹೋದ್ಲು ಕಣೋ."

"ಯಾಕೆ? ಯಾರು ಕಳಿಸಿದ್ದು?"

ನೋರ್ಮಾ ಅವನ ಹೊದಿಕೆ ಸರಿಮಾಡಿದಳು. ಉತ್ತರಕ್ಕೆ ಎರಡು ಹೆಸರಿದ್ದವು. ಒಂದನ್ನು ನುಂಗಿ, ಇನ್ನೊಂದನ್ನು ಹಲ್ಲಿನ ನಡುವೆ ಹಿಡಿದುಕೊಂಡಳು: ಡಂಕನ್ ಹೆಸ್ಲಪ್. ಅಂದಿನಿಂದ ಹೆಸ್ಲಪ್‌ಗೆ ಅವಳ ಬೆನ್ನು ಮಾತ್ರ ಕಾಣತೊಡಗಿತು.

ಗಂಡನ ತೋಟವನ್ನು ಅವಳು ಬಿಡಲಿಲ್ಲ. ಆಲೆಕ್ ಬರೆದಿಟ್ಟಿದ್ದ ಗುಟ್ಟಿನ ಪಾಕ ಇತ್ತು: ಹಳಸಿದ ಬಿಯರು, ಕುರಿಹಿಕ್ಕೆ, ಮಸಿ, ಇನ್ನೆರಡು ಸಾಮಗ್ರಿ. ಆ ಎರಡನ್ನು ನಾನೂ ಹೇಳುವಂತಿಲ್ಲ. ಮೊದಲ ವರ್ಷ ಅವಳ ಲೀಕು ಬೆರಳಿನಷ್ಟು ಬಂತು. ಬೇಲಿಯಾಚೆಯಿಂದ ಹೆಸ್ಲಪ್, "ಏನ್ ನೋರ್ಮಾ, ಪೆನ್ಸಿಲ್ ಬೆಳೀತಿದ್ಯಾ?" ಅಂದ. ಅವಳು ಬೆನ್ನು ತೋರಿಸಿದಳು. ಐದನೆಯ ವರ್ಷ ಮಣಿಕಟ್ಟಿನಷ್ಟು ಬಂತು, ಆರನೆಯ ವರ್ಷ ಮೊಣಕಾಲಿನಷ್ಟು. ಕಪ್ಪು ಮಾತ್ರ ಪ್ರತಿ ವರ್ಷ ಹೆಸ್ಲಪ್‌ನ ಮನೆಗೇ ಹೋಗುತ್ತಿತ್ತು.

ಏಳನೆಯ ವರ್ಷ, ಎರಡು ಸಾವಿರದ ಇಪ್ಪತ್ತಮೂರರ ಆಗಸ್ಟಿನಲ್ಲಿ, ಯಾವುದೋ ಸಮೀಕ್ಷೆಯವರ ಕಡೆಯಿಂದ ಒಬ್ಬಳು ಹುಡುಗಿ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಕ್ಲಬ್ಬಿಗೆ ಬಂದಳು. ಅವತ್ತಿನ ನಿಮ್ಮ ಮತದ ಬಗ್ಗೆ ಈಗ ಏನನ್ನಿಸುತ್ತದೆ, ಇವತ್ತು ಮತ್ತೆ ಕೇಳಿದರೆ ಬದಲಾಯಿಸುತ್ತೀರಾ ಎಂದು ಮೇಜಿನಿಂದ ಮೇಜಿಗೆ ಕೇಳುತ್ತ ಹೋದಳು. ಅಷ್ಟರೊಳಗೆ ಊರಿನ ಆಸ್ಪತ್ರೆಯಲ್ಲಿ ದಾದಿಯರಿಲ್ಲ, ಹೊಲದಲ್ಲಿ ಕೋಸು ಕೀಳುವವರಿಲ್ಲ, ಬೆಣ್ಣೆಯ ಬೆಲೆ ಮುಟ್ಟಿದರೆ ಬಿಸಿ. ಹೆಸ್ಲಪ್‌ನ ಹೆಂಡತಿ ಸೊಂಟದ ಆಪರೇಷನ್ನಿಗೆ ಹದಿನೆಂಟು ತಿಂಗಳಿಂದ ಕಾಯುತ್ತ ಕೋಲು ಹಿಡಿದಿದ್ದಳು.

"ಬದಲಾಯಿಸೋದಾ? ನಾನ್ಯಾಕೆ ಬದಲಾಯಿಸ್ಲಿ?" ಅಂದ ಹೆಸ್ಲಪ್. "ನಾನಂತೂ ಅವತ್ತೇ ಒಳಗೆ ಅಂದಿದ್ದೆ. ಬರ್ಕೋ ಮಗಾ, ಡಂಕನ್ ಹೆಸ್ಲಪ್ ಮೊದಲಿಂದಾನೂ ಒಳಗೆ."

ಪಕ್ಕದವನೂ ಒಳಗೆ ಅಂದ. ಅವನ ಪಕ್ಕದವನೂ ಅಷ್ಟೆ. ಹುಡುಗಿ ಒಂದು ಸುತ್ತು ಮುಗಿಸುವುದರೊಳಗೆ ಬೆರಿಲ್ ಬಾರಿನ ಹಿಂದಿನಿಂದ ಕತ್ತು ಚಾಚಿದಳು.

"ಹದಿನೇಳಕ್ಕೆ ಹದಿನೇಳೂ ಒಳಗೆ. ಹಾಗಾದ್ರೆ ಹೊರಗೆ ಅಂದಿದ್ದು ಯಾರಪ್ಪಾ, ಬಂದರಿನ ಕಡಲಹಕ್ಕಿಗಳಾ?"

ಎಲ್ಲರೂ ಲೋಟದೊಳಗೆ ಮುಖ ಇಟ್ಟರು. ಹುಡುಗಿ ಕೊನೆಗೆ ಮೂಲೆಯ ಮೇಜಿಗೆ ಬಂದಳು. "ನೀವು, ಅಮ್ಮಾ?"

"ಒಳಗೆ," ಅಂದಳು ನೋರ್ಮಾ.

ಮನೆಗೆ ನಡೆಯುತ್ತಿದ್ದಾಗ ಅವಳ ಎಡಗೆನ್ನೆ ಉರಿಯುತ್ತಿತ್ತು, ಯಾರೋ ಬಾರಿಸಿದ ಹಾಗೆ. ಹೆಸ್ಲಪ್‌ನ ಬಾಯಿಂದ ಬಂದ ಸುಳ್ಳು, ತನ್ನ ಬಾಯಿಂದ ಬಂದ ಸುಳ್ಳು, ಎರಡೂ ಒಂದೇ ಅಚ್ಚಿನವು. ಅವನು ಹುಡುಗಿಯನ್ನು ಓಡಿಸಿದ. ಈಗ ಓಡಿಸಿದವನು ತಾನಲ್ಲ ಅನ್ನುತ್ತಿದ್ದಾನೆ. ಏಳು ವರ್ಷ ಅವಳು ಬೇಯಿಸಿಟ್ಟ ಸೇಡನ್ನು ಉಣ್ಣಬೇಕಾದವನೇ ಎಲೆ ಬಿಟ್ಟು ಎದ್ದು ಹೋಗುತ್ತಿದ್ದ. ಮಂಚದ ಕೆಳಗಿನ ಡಬ್ಬಿ ಎಳೆದಳು. ಅದನ್ನು ಅವಳು ಅಲ್ಲಿಯವರೆಗೆ ತೆರೆದಿರಲಿಲ್ಲ. ಅದರೊಳಗೆ ತನ್ನದೂ ಒಂದು ಬಿಲ್ಲೆ ಇತ್ತಲ್ಲ. ಹೆಸ್ಲಪ್‌ನ ಹೊಟ್ಟೆ ಸೀಳುವ ಕತ್ತಿಗೆ ಹಿಡಿಯ ಕಡೆಯೂ ಅಲಗೇ ಇತ್ತು.

ಎರಡು ಬಿಲ್ಲೆ ಹುಡುಕಿ ಮೇಲಿಟ್ಟು ಮುಚ್ಚಳ ಹಾಕಿದಳು.

ಇಲ್ಲಿ ಲೀಕಿನ ಕಾನೂನು ಸ್ವಲ್ಪ ಹೇಳಬೇಕು. ನಮ್ಮ ಪ್ರದರ್ಶನದ್ದು ಕುಳ್ಳ ಲೀಕ್. ಬುಡದಿಂದ ಮೊದಲ ಎಲೆ ಕವಲೊಡೆಯುವ ಗಂಟಿನವರೆಗೆ ಆರು ಇಂಚು ದಾಟಬಾರದು. ದಪ್ಪ ಎಷ್ಟಿದ್ದರೂ ಸರಿ. ಹೊರಗಿನ ಒಂದು ಎಲೆ ಸುಲಿದರೆ ಗಂಟು ಮೇಲಿನ ಎಲೆಗೆ ಏರುತ್ತದೆ, ಉದ್ದ ಬೆಳೆಯುತ್ತದೆ. ಅದಕ್ಕೇ ಹಣ್ಣಾದ ಎಲೆಯನ್ನು ಸುಲಿಯಲೋ ಬೇಡವೋ ಎಂದು ಗಂಡಸರು ಹೆಂಡತಿ ಹೆರುವಾಗಲೂ ಪಡದ ಸಂಕಟ ಪಡುತ್ತಾರೆ. ಇನ್ನೊಂದು ವಿಷಯ: ಪ್ರದರ್ಶನಕ್ಕೆ ಮೂರು ವಾರ ಮೊದಲು ಸಮಿತಿಯವರು ಬಂದು ಎಲೆಯ ತುದಿಗೆ ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದ ಜೋಡಿಯನ್ನೇ ತರಬೇಕು, ಬದಲಿ ಗಿಡ ನಡೆಯುವುದಿಲ್ಲ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ತೋಟದಲ್ಲಿ ಲೀಕ್ ಕಿತ್ತು ತೊಳೆಯುತ್ತಿದ್ದರು. ಹೆಸ್ಲಪ್‌ನ ಜೋಡಿ ಕಂಬದ ಹಾಗಿತ್ತು. ಅವನು ಮೊಣಕಾಲೂರಿ, ಒದ್ದೆ ಬಟ್ಟೆಯಿಂದ ಒರೆಸುತ್ತ, ಒಂದು ಹಳದಿ ಎಲೆಯ ತುದಿ ಹಿಡಿದು ಯೋಚಿಸುತ್ತಿದ್ದ. ಏಳು ವರ್ಷದಲ್ಲಿ ಮೊದಲ ಸಲ ನೋರ್ಮಾ ಅವನ ಕಡೆ ಮುಖ ತಿರುಗಿಸಿದಳು.

"ಡಂಕನ್."

ಅವನು ಬೆಚ್ಚಿ ನೋಡಿದ. "ಅಬ್ಬಾ. ಮೂಕಿ ಮಾತಾಡಿದ್ಲು."

"ನಾಳೆ ಪ್ರದರ್ಶನಕ್ಕೆ ಬೆರಿಲ್ ಡಬ್ಬಿ ತರ್ತಿದೀನಿ."

"ಯಾವ ಡಬ್ಬಿ?"

"ಹಂದಿತೊಡೆ ಡಬ್ಬಿ. ಜನಮತದ ಹಿಂದಿನ ದಿನ ಎಲ್ಲ ಬರೆದು ಹಾಕಿದ್ರಲ್ಲ, ಬಿಲ್ಲೆಗಳು. ಎಲ್ಲ ಹಾಗೇ ಇವೆ. ನಿಂದು ಮೇಲೇ ಇದೆ."

ಹೆಸ್ಲಪ್‌ನ ಕೈ ತನ್ನಷ್ಟಕ್ಕೇ ಜಗ್ಗಿತು. ಎಲೆ ಸರ್ರನೆ ಬುಡದವರೆಗೂ ಸುಲಿದು ಬಂತು. ಅವನು ಕೈಯಲ್ಲಿದ್ದ ಎಲೆಯನ್ನು ನೋಡಿದ, ಲೀಕನ್ನು ನೋಡಿದ, ಮತ್ತೆ ಎಲೆಯನ್ನು ನೋಡಿದ. ಸುಲಿದ ಎಲೆಯನ್ನು ಮತ್ತೆ ಬುಡಕ್ಕೆ ಒತ್ತಿ ಹಿಡಿದ, ಅಂಟೀತೇನೋ ಎಂಬಂತೆ. ಐವತ್ತು ವರ್ಷ ಲೀಕ್ ಬೆಳೆದವನು ಮಾಡುವ ಕೆಲಸವಲ್ಲ ಅದು.

"ಅಯ್ಯೋ, ಗಂಟು ಏರಿಬಿಡ್ತಾ?" ಅಂದಳು ನೋರ್ಮಾ. "ಪಾಪ."

ಆ 'ಪಾಪ'ವನ್ನು ಅವಳು ನಾಲಿಗೆಯ ಮೇಲೆ ಮಿಠಾಯಿಯ ಹಾಗೆ ಇಟ್ಟುಕೊಂಡೇ ಮನೆಗೆ ಹೋದಳು.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಪ್ಪು ಬಟ್ಟೆ ಹಾಸಿದ ಉದ್ದ ಬೆಂಚಿನ ಮೇಲೆ ಬಿಳಿಯ ಲೀಕುಗಳು ತೊಳೆದ ಮಕ್ಕಳ ಹಾಗೆ ಮಲಗಿದ್ದವು. ಪಕ್ಕದೂರಿನಿಂದ ಬಂದ ತೀರ್ಪುಗಾರ ವಿಲ್ಕಿ ಹಿತ್ತಾಳೆಯ ಅಳತೆಪಟ್ಟಿ ಹಿಡಿದು ಹೆಸ್ಲಪ್‌ನ ಜೋಡಿಯ ಮುಂದೆ ಬಾಗಿದ. ಒಮ್ಮೆ ಅಳೆದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದ.

"ಆರು ಇಂಚಿನ ಮೇಲೆ ಒಂದು ನೂಲು ಇದೆ, ಅಧ್ಯಕ್ಷರೇ."

"ಸರಿಯಾಗಿ ನೋಡಯ್ಯ."

"ಎರಡು ಸಲ ನೋಡಿದೆ. ಎಲೆ ಒಂದು ಹೆಚ್ಚಿಗೆ ಸುಲಿದಿದ್ದೀರ. ತೆಗೀಬೇಕಾಗುತ್ತೆ."

ಅಧ್ಯಕ್ಷರ ಲೀಕನ್ನು ಬೆಂಚಿನಿಂದ ಕೆಳಗಿಳಿಸಿದ್ದನ್ನು ನಮ್ಮೂರು ಅದೇ ಮೊದಲು ನೋಡಿದ್ದು. ಬೆಳ್ಳಿಯ ಕಪ್ಪು ನೋರ್ಮಾ ಸ್ಟೋಬರ್ಟ್‌ಗೆ ಬಂತು. ಚಪ್ಪಾಳೆ ಬಿತ್ತು, ಯಾರೋ ಆಲೆಕ್‌ನ ಹೆಸರು ಕೂಗಿದರು. ಇಷ್ಟಕ್ಕೇ ಸಾಕೆಂದು ಇನ್ಯಾರಾದರೂ ಮನೆಗೆ ಹೋಗುತ್ತಿದ್ದರು. ನೋರ್ಮಾ ಕಪ್ಪನ್ನು ಕೆಳಗಿಟ್ಟು, ಚೀಲದಿಂದ ಡಬ್ಬಿ ತೆಗೆದು, ಹೆಸ್ಲಪ್‌ನ ಲೀಕ್ ಮಲಗಿದ್ದ ಖಾಲಿ ಜಾಗದಲ್ಲಿಟ್ಟಳು. ಸಭಾಂಗಣದಲ್ಲಿ ಗದ್ದಲ ಸಾಲು ಸಾಲಾಗಿ ಅಡಗಿತು, ಮುಂದಿನವರಿಂದ ಹಿಂದಿನವರ ತನಕ.

ಮೊದಲ ಬಿಲ್ಲೆ ತೆಗೆದು ಓದಿದಳು. "ನೋರ್ಮಾ ಸ್ಟೋಬರ್ಟ್. ಹೊರಗೆ. ನೂರಕ್ಕೆ ಎಪ್ಪತ್ತು."

ಬೆರಿಲ್‌ಳ ಕೈಯ ಲೋಟ ಬಾರಿಗೆ ತಾಗಿತು. "ನೋರ್ಮಾ, ನೀನಾ? ರಾಸಾ ನಿನ್ನ ಮನೇಲೇ..."

"ನಾನೇ. ನಾನೇ ಪೆನ್ನಲ್ಲಿ ಒತ್ತಿದ್ದು. ಈಗ ಕೇಳಿದ್ರೆ ಬದಲಾಯಿಸ್ತೀನೋ ಇಲ್ವೋ, ಅದು ಬೇರೆ ಮಾತು. ಅವತ್ತು ಹಾಕಿದ್ದು ನಾನು. ಆಲೆಕ್‌ಗೆ ಸುಳ್ಳು ಹೇಳಿದೆ, ಮೊನ್ನೆ ಸಮೀಕ್ಷೆಯ ಹುಡುಗಿಗೂ ಸುಳ್ಳು ಹೇಳಿದೆ." ಎರಡನೆಯ ಬಿಲ್ಲೆ ಮೇಲೆತ್ತಿದಳು. "ಡಂಕನ್ ಹೆಸ್ಲಪ್. ಹೊರಗೆ, ಕೆಳಗೆ ಎರಡು ಗೀಟು. ನೂರಕ್ಕೆ ತೊಂಬತ್ತು."

"ಅದು ನನ್ನ ಅಕ್ಷರ ಅಲ್ಲ," ಅಂದ ಹೆಸ್ಲಪ್.

ನೋರ್ಮಾ ಬೆಂಚಿನಿಂದ ಅವನ ಪ್ರವೇಶದ ಚೀಟಿ ಎತ್ತಿ ಬಿಲ್ಲೆಯ ಪಕ್ಕ ಹಿಡಿದಳು. ವಿಲ್ಕಿ ಅಳೆಯುವ ಅಭ್ಯಾಸದಲ್ಲಿ ಬಾಗಿ ಎರಡನ್ನೂ ನೋಡಿ, ಹೌದೆಂದು ತಲೆಯಾಡಿಸಿ ಹಿಂದೆ ಸರಿದ. ಇನ್ನೇನೂ ಹೇಳಬೇಕಾಗಲಿಲ್ಲ.

"ಸರಿ, ಹಾಕಿದೆ. ಏನೀಗ? ಅರ್ಧ ದೇಶ ಹಾಕ್ತು," ಅಂದ ಹೆಸ್ಲಪ್. ಅವನ ದೊಡ್ಡ ಗಂಟಲು ಅರ್ಧಕ್ಕಿಳಿದಿತ್ತು. "ನೀನೂ ಹಾಕಿದ್ಯಲ್ಲ."

"ಹೂಂ, ಹಾಕಿದೆ. ಅದಕ್ಕೇ ನಂದು ಮೊದಲು ಓದಿದ್ದು. ಈಗ ಇದನ್ನ ತಿರುಗಿಸು. ಮರುದಿನ ಬೆಳಿಗ್ಗೆ ಬ್ರೆಡ್ ಅಂಗಡೀಲಿ ರಾಸಾಗೆ ಏನಂದೆ, ಹಿಂದುಗಡೆ ಬರಿ. ನೀನೇ ಅಂದದ್ದು ಅಂತ ಹೆಸರು ಹಾಕು."

"ತಮಾಷೆಗೆ ಅಂದದ್ದು ಅದು."

"ತಮಾಷೆಗೆ ಅಂತಾನೂ ಬರಿ."

"ಬರೀದಿದ್ರೆ?"

ನೋರ್ಮಾ ಡಬ್ಬಿಯ ಮೇಲೆ ಕೈಯಿಟ್ಟಳು. "ಮುಂದಿನ ಬಿಲ್ಲೆ ತೆಗೀತೀನಿ. ಆಮೇಲೆ ಅದರ ಮುಂದಿಂದು. ಅರವತ್ತಮೂರು ಇವೆ. ನನಗೇನೂ ಅವಸರ ಇಲ್ಲ."

ಆಗ ನೋಡಬೇಕಿತ್ತು ನಮ್ಮೂರ ಒಗ್ಗಟ್ಟು. ಅಧ್ಯಕ್ಷರ ಜೊತೆ ನಲವತ್ತು ವರ್ಷ ಬಿಯರ್ ಕುಡಿದವರು, ಅವನ ತಮಾಷೆಗೆ ಮೊದಲು ನಗುತ್ತಿದ್ದವರು, ಅವನಿಂದ ಅರ್ಧ ಹೆಜ್ಜೆ ದೂರ ಸರಿದರು.

"ಬರೆದುಬಿಡೋ ಡಂಕನ್, ಎರಡು ಸಾಲು," ಅಂದ ಒಬ್ಬ.

"ನೀನು ಅಂದಿದ್ದು ನಿಜ ತಾನೇ? ನಾನೇ ಕೇಳಿದೀನಿ," ಅಂದಳು ಒಬ್ಬಳು. ಅವತ್ತು ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಹೆಸ್ಲಪ್ ಸುತ್ತ ನೋಡಿದ. ಕೋಲೂರಿ ಕುಳಿತಿದ್ದ ಅವನ ಹೆಂಡತಿ ತನ್ನ ಕೈಚೀಲ ತೆರೆದು ಪೆನ್ನು ತೆಗೆದು ಅವನತ್ತ ಚಾಚಿದಳು. ಅವನು ಬಾಗಿ, ಬೆಂಚಿನ ಕಪ್ಪು ಬಟ್ಟೆಯ ಮೇಲೆ ಬಿಲ್ಲೆಯಿಟ್ಟು ಬರೆದ. ಬರೆಯಲು ಬಹಳ ಹೊತ್ತು ತಗೊಂಡ. ನೋರ್ಮಾ ಅದನ್ನೆತ್ತಿ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿದಳು: "'ದಾರಿಗೆ ನಾಲ್ಕು ಬ್ರೆಡ್ ಕಟ್ಟಿಸ್ಕೋ ಎಂದೆ. ತಮಾಷೆಗೆ. ಎಲ್ಲರೂ ನಗಲಿ ಅಂತ. ಡಂಕನ್ ಹೆಸ್ಲಪ್.'"

ಯಾರೂ ನಗಲಿಲ್ಲ. ಹೆಸ್ಲಪ್ ಕೆಳಗಿಳಿಸಿಟ್ಟಿದ್ದ ತನ್ನ ಎರಡು ಲೀಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೆಂಡತಿಯ ತೋಳು ಹಿಡಿದು ಬಾಗಿಲ ಕಡೆ ನಡೆದ. ಅವನು ದಾಟುವಾಗ ನೋರ್ಮಾ ಬೆನ್ನು ತಿರುಗಿಸಲಿಲ್ಲ. ಮುಖ ಎತ್ತಿ, ಅವನು ಬಾಗಿಲಾಚೆ ಕಾಣೆಯಾಗುವ ತನಕ ಕಣ್ಣು ತುಂಬ ನೋಡಿದಳು. ಏಳು ವರ್ಷದ ಹಸಿವಿಗೆ ಅದು ಒಳ್ಳೆಯ ಊಟವಾಗಿತ್ತು ಎಂದು ಬೆರಿಲ್ ಎದುರು ಅವಳೇ ಆಮೇಲೆ ಒಪ್ಪಿಕೊಂಡಳು.

ಆ ವಾರವೆಲ್ಲ ಊರು ನೋರ್ಮಾಳನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ಬೇಲಿ ಸರಿಮಾಡಿಕೊಡಲು ಒಬ್ಬ ಬಂದ. ಕೇಕು ತಂದಳೊಬ್ಬಳು. ಎಲ್ಲರೂ ಹೊಸಿಲು ದಾಟುವಾಗ ದನಿ ತಗ್ಗಿಸಿ ಕೇಳಿದ್ದು ಒಂದೇ, "ಡಬ್ಬೀಲಿ ನಂದೂ ಇದೆಯಾ ನೋರ್ಮಾ?"

"ಇದೆ. ಮುಂದಿನ ವರ್ಷವೂ ಬೆಂಚಿನ ಮೇಲೆ ತಂದಿಡ್ತೀನಿ," ಅನ್ನುತ್ತಿದ್ದಳು.

ಸೋಮವಾರ ಅವಳು ತನ್ನ ಬಿಲ್ಲೆಯ ಹಿಂದೆಯೂ ಬರೆದಳು: 'ನಾನು ಅಲ್ಲೇ ಇದ್ದೆ. ನೀನು ನನ್ನನ್ನು ನೋಡಿದೆ. ಸುಮ್ಮನಿದ್ದೆ. ನೋರ್ಮಾ.' ಎರಡನ್ನೂ ಲಕೋಟೆಗೆ ಹಾಕಿ ಅಂಚೆ ಕಚೇರಿಗೆ ಹೋದಳು. ರಾಸಾ ಪ್ರತಿ ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಿದ್ದರಿಂದ ವಿಳಾಸವಿತ್ತು.

"ಲಿಥುವೇನಿಯಾಗಾ? ಈಗ ಒಳಗೆ ಪತ್ರ ಬಿಟ್ಟು ಬೇರೇನಿದ್ರೂ ಸುಂಕದ ಚೀಟಿ ಅಂಟಿಸ್ಬೇಕು," ಅಂದ ಗುಮಾಸ್ತ. "ಹೊರಗೆ ಬಂದ್ವಲ್ಲ, ಅವತ್ತಿಂದ. ಏನಿದೆ ಒಳಗೆ?"

"ರಟ್ಟಿನ ಬಿಲ್ಲೆ, ಎರಡು."

"ಬೆಲೆ?"

"ಏನಿಲ್ಲ."

"ಸೊನ್ನೆ ಬರೆಯೋ ಹಾಗಿಲ್ಲಮ್ಮ. ಏನಾದ್ರೂ ಬೆಲೆ ಹೇಳ್ಬೇಕು."

"ಎರಡು ಬ್ರೆಡ್ಡಿನ ಬೆಲೆ ಹಾಕು," ಅಂದಳು.

ಉತ್ತರ ಬಂದದ್ದು ಡಿಸೆಂಬರಿನಲ್ಲಿ, ಹಿಮ ಹೊದ್ದ ಹಡಗಿನ ಚಿತ್ರವಿದ್ದ ಕಾರ್ಡಿನಲ್ಲಿ. ಅವತ್ತು ಮುಂದಿನ ವರ್ಷದ ಲೀಕ್ ಸಸಿಗಳನ್ನು ಕಿಟಕಿಯ ಹಲಗೆಯ ಮೇಲೆ ಜೋಡಿಸುತ್ತಿದ್ದ ನೋರ್ಮಾ ಮಣ್ಣಿನ ಕೈಯಲ್ಲೇ ಅದನ್ನು ಓದಿದಳು. ಚಹಾ ಕುಡಿಯಲು ಬಂದಿದ್ದ ಬೆರಿಲ್ ಮೇಜಿನಾಚೆ ಕುಳಿತಿದ್ದಳು.

'ನೋರ್ಮಾ, ಎರಡೂ ತಲುಪಿದವು. ಆಲೆಕ್ ಹೋದ ಸುದ್ದಿ ನೀನು ಬರೆದಾಗ ಮೂರು ದಿನ ಅತ್ತಿದ್ದೆ. ಆ ಮನುಷ್ಯನ ಬಿಲ್ಲೆಯ ಮೇಲೆ ದಿನಾ ಬೆಳಿಗ್ಗೆ ಬಿಸಿ ಚಹಾದ ಲೋಟ ಇಡುತ್ತೇನೆ, ಈಗಾಗಲೇ ಅವನ ಹೆಸರಿನ ಮೇಲೆ ಕಂದು ಬಳೆ ಬಿದ್ದಿದೆ. ನಿನ್ನ ಬಿಲ್ಲೆಯ ಮೇಲೆ ಏನೂ ಇಡಲು ಆಗುತ್ತಿಲ್ಲ. ಅದು ಮೇಜಿನ ಮೇಲೆ ಹಾಗೇ ಇದೆ. ಉಣ್ಣುವಾಗ ಕಾಣುತ್ತದೆ. ರಾಸಾ.'

ಅಷ್ಟೇ. ಹಬ್ಬದ ಶುಭಾಶಯವನ್ನು ಕಾರ್ಡಿನವರು ಅಚ್ಚು ಹಾಕಿದ್ದರು. ಅದರ ಕೆಳಗೆ ರಾಸಾ ಏನೂ ಸೇರಿಸಿರಲಿಲ್ಲ.

"ಏನ್ ಬರೆದಿದ್ದಾಳೆ?" ಕೇಳಿದಳು ಬೆರಿಲ್. "ಕ್ಷಮಿಸಿದ್ಲಾ?"

ನೋರ್ಮಾ ಕಾರ್ಡನ್ನು ಸಸಿಗಳ ನಡುವೆ, ದಿನಾ ನೀರು ಹಾಕುವಾಗ ಕಣ್ಣಿಗೆ ಬೀಳುವ ಜಾಗದಲ್ಲಿ, ಕಿಟಕಿಗೆ ಒರಗಿಸಿ ನಿಲ್ಲಿಸಿದಳು.

"ಇಲ್ಲ," ಅಂದಳು. "ನನ್ನ ಹತ್ರ ಕೆಲಸ ಕಲಿತ ಹುಡುಗಿ. ಆ ಮದುವೆ ಕೋಟಿನ ಜೇಬಿನ ಥರ, ದಾರ ಕಾಣದ ಹಾಗೆ ಹೊಲ್ದಿದ್ದಾಳೆ."